ನಾನು ಒತ್ತಿದ್ದು ಬ್ರೇಕೇ

ಮಾರ್ಚ್ ೪, ಮಂಗಳವಾರ

ಇವತ್ತು ನಡೆದದ್ದನ್ನು ಇವತ್ತೇ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ನಾಲ್ಕು ದಿನ ಕಳೆದರೆ ಎಲ್ಲರೂ ಸೇರಿ ನನ್ನ ನೆನಪನ್ನೇ ತಿದ್ದಿಬಿಡುತ್ತಾರೆ ಎಂಬ ಅನುಮಾನ ಈಗಲೇ ಇದೆ.

ಬೆಳಿಗ್ಗೆ ಕಾಫಿಗೂ ಹೂರಣದ ಬನ್ನಿಗೂ ರೈಲ್ವೆ ಗೇಟಿನ ಪಕ್ಕದ ಅಂಗಡಿಗೆ ಹೋದೆ. ಅಂಗಡಿಯ ಗಾಜಿಗೆ ಎದುರಾಗಿ ಕಾರು ನಿಲ್ಲಿಸುವ ಜಾಗಕ್ಕೆ ತಿರುಗಿಸಿದೆ. ಮನುಷ್ಯ ನಡೆಯುವಷ್ಟು ವೇಗ. ನಿಲ್ಲಬೇಕಾದಲ್ಲಿ ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ನೆಗೆಯಿತು. ಇನ್ನೂ ಬಲವಾಗಿ ಒತ್ತಿದೆ. ಇನ್ನೂ ಬಲವಾಗಿ ನೆಗೆಯಿತು. ಚಕ್ರಕ್ಕೆ ಅಡ್ಡವಿದ್ದ ಸಿಮೆಂಟು ದಿಂಡನ್ನು ಹಾರಿ, ಗಾಜು ಒಡೆದು, ಒಳಗಿದ್ದ ಪತ್ರಿಕೆಗಳ ಕಪಾಟಿಗೆ ಮೂತಿ ತುರುಕಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪತ್ರಿಕೆ ಜೋಡಿಸುತ್ತಿದ್ದ ಅಂಗಡಿಯ ಹುಡುಗಿಯನ್ನು ಯಾರೋ ಗಿರಾಕಿ ಕರೆದಿದ್ದರಂತೆ, ಅವಳು ಆಗಷ್ಟೇ ಆಚೆ ಸರಿದಿದ್ದಳು.

ಬಂದ ಪೊಲೀಸಿನವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ನನ್ನ ಲೈಸೆನ್ಸ್ ಹಿಡಿದು, "ನರುಸೆ ತೊಕುಜಿ, ಎಪ್ಪತ್ತೊಂದು" ಎಂದು ಬೀದಿಗೆಲ್ಲ ಕೇಳುವ ಹಾಗೆ ಓದಿದ.

"ತಾತ, ಪೆಡಲ್ ಏನಾದ್ರೂ ಅದಲುಬದಲಾಯ್ತಾ?"

"ತಾತ ನಿಮ್ಮನೇಲಿದ್ದಾನೆ. ನಾನು ಒತ್ತಿದ್ದು ಬ್ರೇಕೇ."

"ಸರಿ, ಸರಿ."

ಆ ಎರಡು 'ಸರಿ' ನನಗೆ ಸರಿಬರಲಿಲ್ಲ. ಬ್ರೇಕ್ ತಯಾರಿಸುವ ಕಾರ್ಖಾನೆಯ ಪರೀಕ್ಷಾ ಮೈದಾನದಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಕಾರು ಓಡಿಸಿದವನು ನಾನು. ನನ್ನ ಬಲಗಾಲಿಗೆ ಬ್ರೇಕ್ ಯಾವುದೆಂದು ಇವನು ಹೇಳಿಕೊಡಬೇಕೆ?

ಅನುಮಾನ ಇರುವುದು ಕಾರಿನ ಮೇಲೆ. ಹೋದ ಶರತ್ಕಾಲದಲ್ಲಿ ಕೊಂಡದ್ದು. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಎರಡೂ ಇರುವ ಹೈಬ್ರಿಡ್. ಪುಟ್ಟದು, ನೆಲಕ್ಕೆ ಅಂಟಿದಂಥದು, ಕಡುಗೆಂಪು. ಬೇರೆ ಕಾರುಗಳು ಮೊದಲು ಕೂಗಾಡಿ ಆಮೇಲೆ ಓಡುತ್ತವೆ. ಇದು ಕೂಗುವುದೇ ಇಲ್ಲ. ಕಾಲಿಟ್ಟ ಗಳಿಗೆಯಲ್ಲೇ ಮೋಟಾರು ತನ್ನ ಶಕ್ತಿಯನ್ನೆಲ್ಲ ಒಟ್ಟಿಗೆ ಸುರಿದುಬಿಡುತ್ತದೆ. ಎಂಜಿನ್ ಆಮೇಲೆ ಬಂದು ಹೆಗಲು ಕೊಡುತ್ತದೆ. ನಿಂತಲ್ಲಿಂದ ಹೊರಟಾಗ ಬೆನ್ನು ಸೀಟಿಗೆ ಅಂಟಿಕೊಳ್ಳುವ ಆ ಒಂದು ಗಳಿಗೆಗಾಗಿಯೇ ಅದನ್ನು ತಂದೆ. ಸದ್ದಿಲ್ಲದ್ದನ್ನು ನಂಬಬಾರದಿತ್ತು. ಸದ್ದು ಮಾಡದೆ ಬರುವುದು ಬೆಕ್ಕು, ಬಿಟ್ಟರೆ ಕಳ್ಳ.

ಮಾರ್ಚ್ ೬, ಗುರುವಾರ

ಕಾರು ಮಾರಿದ ಒಗುರಿ ಅದನ್ನು ತೆಗೆದುಕೊಂಡು ಹೋಗಲು ಬಂದ. ಬಾಗಿಲಲ್ಲೇ ಸೊಂಟ ಮುರಿಯುವಷ್ಟು ಬಗ್ಗಿದ. ಇಷ್ಟು ಬಗ್ಗುವವನು ಏನನ್ನೋ ಮುಚ್ಚಿಡುತ್ತಿರಬೇಕು.

"ನರುಸೆ-ಸಾನ್, ಯಾವ ಪೆಡಲ್ ಎಷ್ಟು ಒತ್ತಿದ್ರು ಅನ್ನೋದು ಕಾರಿನ ಕಂಪ್ಯೂಟರಲ್ಲಿ ಉಳ್ಕೊಂಡಿರುತ್ತೆ. ನಮ್ಮೋರು ತೆಗೆದು ನೋಡ್ತಾರೆ."

"ಕಾರು ಮಾಡಿದೋರು ನೀವು, ಕಂಪ್ಯೂಟರ್ ಹಾಕಿದೋರು ನೀವು, ನೋಡೋರೂ ನೀವೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತು."

ಒಗುರಿ ಮತ್ತೊಮ್ಮೆ ಬಗ್ಗಿದ.

ಅವನು ಹೋದ ಮೇಲೆ ಹೆಂಡತಿ ಫುಮಿಯೆ ನನ್ನ ಕಾಲನ್ನೇ ನೋಡುತ್ತಾ, "ರೀ, ಇನ್ನೊಂದು ಚಪ್ಪಲಿ ಎಲ್ಲಿ?" ಎಂದಳು. ಬಲಗಾಲಿನ ಮನೆ ಚಪ್ಪಲಿ ಮೆಟ್ಟಿಲ ಮೇಲೆಯೇ ಉಳಿದಿತ್ತು. ಅವಳು ಹೊಸದಾಗಿ ತಂದ ಚಪ್ಪಲಿಗಳು ದೊಗಳೆ. ಅಳತೆ ನೋಡದೆ ತರುತ್ತಾಳೆ. ಇಲ್ಲವೇ ಬೇಕೆಂದೇ ತಂದಿದ್ದಾಳೆ.

ಮಾರ್ಚ್ ೧೪, ಶುಕ್ರವಾರ

ಉತ್ತರ ಬಂತು. ಬ್ರೇಕ್ ಮುಟ್ಟಿಯೇ ಇಲ್ಲವಂತೆ. ಆಕ್ಸಿಲರೇಟರ್ ಮಾತ್ರ ತಳಕ್ಕೆ ಮುಟ್ಟುವ ಹಾಗೆ ಒತ್ತಿದೆಯಂತೆ. ಒಗುರಿ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಫುಮಿಯೆಯ ಮುಖ ನೋಡಿದ. ಅವಳೂ ತಲೆಯಾಡಿಸಿದಳು. ಇಬ್ಬರ ನಡುವೆ ಮೊದಲೇ ಮಾತಾಗಿದೆ.

ಅಷ್ಟು ಹೊತ್ತಿಗೆ ಸರಿಯಾಗಿ ಮಗಳು ಚಿಗುಸಾ ತೊಯೊಹಾಶಿಯಿಂದ ಬಂದಿಳಿದಳು. ಕೈಯಲ್ಲಿ ಹಿರಿಯರು ಕಾರಿಗೆ ಅಂಟಿಸಿಕೊಳ್ಳುವ ನಾಲ್ಕೆಲೆಯ ಗುರುತು.

"ಅಪ್ಪ, ಇದನ್ನಾದ್ರೂ ಅಂಟಿಸಿ. ಹಿಂದೆ ಬರೋರು ಸ್ವಲ್ಪ ದೂರ ಇರ್ತಾರೆ."

"ನಿಮ್ಮತ್ತೆ ಹಣೆಗೆ ಅಂಟಿಸು. ನಾವೂ ದೂರ ಇರ್ತೀವಿ."

"ತಮಾಷೆ ಅಲ್ಲ ಅಪ್ಪ."

"ನಾನೂ ತಮಾಷೆ ಮಾಡ್ತಿಲ್ಲ."

ಆಮೇಲೆ ತಾಯಿ ಮಗಳು ಅಡುಗೆಮನೆಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದರು. ನಲ್ಲಿ ಸುರಿಯುತ್ತಲೇ ಇತ್ತು. ಹೋಗಿ ನೋಡಿದರೆ ತೊಳೆಯಲು ಒಂದು ಪಾತ್ರೆಯೂ ಇರಲಿಲ್ಲ.

ಮಾರ್ಚ್ ೧೫

ಮಾತಿಲ್ಲ. ಫುಮಿಯೆಯೂ ಆಡಲಿಲ್ಲ, ನಾನೂ ಆಡಲಿಲ್ಲ. ಬೆಳಗಿನಿಂದ ಒಣಗಾಳಿ.

ಮಾರ್ಚ್ ೨೩, ಭಾನುವಾರ

ಕಾರು ವಾಪಸು ಬಂದಿದೆ. ಹೊಸ ಮೂತಿ, ಹೊಸ ಬಣ್ಣ. ನೋಡಿದರೆ ಅದೇ ಕಾರು. ಓಡಿಸಿದರೆ ಅಲ್ಲ.

ಸಿಗ್ನಲ್ಲಿನಲ್ಲಿ ಹಸಿರು ಬಂದಾಗ ಎಂದಿನಂತೆ ಒತ್ತಿದೆ. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಹಿಡಿದುಕೊಂಡಂತೆ ಮುಲುಕಿತು. ಪಕ್ಕದಲ್ಲಿದ್ದ ತರಕಾರಿ ಗಾಡಿ ಮುಂದೆ ಹೋಯಿತು. ಮುಂದಿನ ಸಿಗ್ನಲ್ಲಿನಲ್ಲಿ ಮೆಲ್ಲಗೆ ಒತ್ತಿ ನೋಡಿದೆ, ಸಲೀಸಾಗಿ ಹೊರಟಿತು. ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದೆ, ಮತ್ತೆ ಮುಲುಕಾಟ. ವೇಗವಾಗಿ ಓಡುತ್ತಿರುವಾಗ ಏನೂ ತೊಂದರೆಯಿಲ್ಲ. ನಿಂತಲ್ಲಿಂದ ಮಾತ್ರ, ಗಟ್ಟಿಯಾಗಿ ತುಳಿದಷ್ಟೂ ಹಿಂಜರಿಯುತ್ತದೆ. ಹೀಗೆ ನಡೆದುಕೊಳ್ಳುವ ಕಾರನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಏನೋ ಮಾಡಿದ್ದಾರೆ. ತಮ್ಮ ತಪ್ಪನ್ನು ಒಳಗೊಳಗೇ ತಿದ್ದಿಟ್ಟು, ಹೊರಗೆ ನನ್ನ ಕಾಲಿನ ಮೇಲೆ ಹಾಕಿದ್ದಾರೆ.

ಸ್ನಾನದ ತೊಟ್ಟಿಗೆ ಇಳಿದಾಗ ನೀರು ತಣ್ಣಗಿದೆ ಎನಿಸಿತು, ಬಿಸಿ ಹೆಚ್ಚಿಸಿದೆ. ನನ್ನ ನಂತರ ಕೈ ಅದ್ದಿದ ಫುಮಿಯೆ ಕಿರುಚಿಕೊಂಡಳು. "ಅಯ್ಯೋ, ಇದರಲ್ಲಿ ಹೇಗ್ರೀ ಕಾಲಿಟ್ರಿ? ನೋಡಿ, ಸಿಗಡಿ ಥರ ಕೆಂಪಾಗಿದೆ!" ಬಾಯ್ಲರಿನಲ್ಲೂ ಏನೋ ಕೆಟ್ಟಿದೆ. ಈ ಮನೆಯಲ್ಲಿ ಯಾವ ಯಂತ್ರವೂ ಸರಿಯಿಲ್ಲ.

ಏಪ್ರಿಲ್ ೧, ಮಂಗಳವಾರ

ಬಾಯಿಮಾತಿಗೆ ಬೆಲೆಯಿಲ್ಲ, ಅಳೆದು ತೋರಿಸಬೇಕು. ಕುವಬಾರಾನಿಗೆ ಫೋನ್ ಮಾಡಿದೆ. ಪರೀಕ್ಷಾ ಮೈದಾನದಲ್ಲಿ ನಾನು ಓಡಿಸುತ್ತಿದ್ದೆ, ಅವನು ಗಡಿಯಾರ ಹಿಡಿದು ನಿಲ್ಲುತ್ತಿದ್ದ. ಈಗ ಸರೋವರದ ಆಚೆ ಮಿಕ್ಕಬಿಯಲ್ಲಿ ಕಿತ್ತಳೆ ತೋಟ ನೋಡಿಕೊಂಡಿದ್ದಾನೆ. ಅವನ ಭಾವಮೈದುನನದೊಂದು ಮುಚ್ಚಿಹೋದ ಡ್ರೈವಿಂಗ್ ಶಾಲೆ ಇದೆ. ಅದರ ಬಯಲನ್ನು ಈ ಸಲವೂ ನಮಗೆ ಬಿಟ್ಟುಕೊಟ್ಟರು.

"ಏನಯ್ಯ ತೊಕು, ಎಪ್ಪತ್ತಾದ ಮೇಲೆ ರೇಸಿಗಿಳಿದೆ?" ಎನ್ನುತ್ತಲೇ ಬಂದ.

"ರೇಸಲ್ಲ. ಕಳ್ಳತನ ಹಿಡೀಬೇಕು."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕಾಗಿದ್ರೆ?"

"ಡೊಂಕಾಗಿದ್ರೆ ನಾನೇ ಸಾಕ್ಷಿ, ನಡಿ."

ನಿಂತಲ್ಲಿಂದ ಅರವತ್ತು ಕಿಲೋಮೀಟರ್ ವೇಗ ಮುಟ್ಟಲು ಈ ಕಾರಿಗೆ ನಾಲ್ಕು ಸೆಕೆಂಡೂ ಬೇಕಿರಲಿಲ್ಲ. ಕೊಂಡ ಹೊಸದರಲ್ಲಿ ಇಲ್ಲೇ ಅಳೆದಿದ್ದೆವು. ಇವತ್ತು ಪೂರ್ತಿ ತುಳಿದು ಹೊರಟರೆ ಬಯಲು ಮುಗಿದರೂ ಅರವತ್ತು ಬರಲಿಲ್ಲ. ಕುವಬಾರಾ ಗಡಿಯಾರವನ್ನು ಕಿವಿಗೆ ಹಿಡಿದು, "ನಿಂತೇ ಹೋಯ್ತೇನೋ ಅಂದ್ಕೊಂಡೆ" ಎಂದ. ಆಮೇಲೆ ನಗು ನಿಲ್ಲಿಸಿ, "ಯಾರೋ ಏನೋ ಹಾಕಿಸಿದಾರೆ ಕಣೋ ಇದಕ್ಕೆ" ಎಂದ.

ನನ್ನ ಅನುಮಾನ ಸುಳ್ಳಲ್ಲ! ಬಹಳ ದಿನದ ಮೇಲೆ ಊಟ ರುಚಿಸಿತು.

ಇನ್ನೊಂದು ವಿಷಯ. ಪ್ರತಿ ಗುರುವಾರ ಮಧ್ಯಾಹ್ನ ಫುಮಿಯೆ ಒಳ್ಳೆಯ ಕೋಟು ಹಾಕಿಕೊಂಡು, ಮಿಠಾಯಿ ಡಬ್ಬಿ ಹಿಡಿದು ಹೊರಗೆ ಹೋಗುತ್ತಾಳೆ. ಕೇಳಿದರೆ "ಹೀಗೇ, ಸ್ವಲ್ಪ" ಎನ್ನುತ್ತಾಳೆ. ಒಗುರಿಯ ಷೋರೂಮಿಗಿರಬೇಕು.

ಏಪ್ರಿಲ್ ೩, ಗುರುವಾರ

ಅವಳು ಬರುವವರೆಗೆ ಬಾಗಿಲ ಹತ್ತಿರವೇ ಕೂತಿದ್ದೆ. ಕೋಟಿನ ಮೇಲೆ ಚೆರ್ರಿ ಹೂವಿನ ಎಸಳು ಅಂಟಿಕೊಂಡಿದ್ದವು.

"ಎಲ್ಲಿಗೆ ಹೋಗಿದ್ದೆ?"

"ಅಂಗಡಿಗೆ."

"ಯಾವ ಅಂಗಡಿ?"

"ನೀವು ಒಡೆದ ಅಂಗಡಿ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹಾಗಾಗಿ ಕೇಳಬೇಕೆಂದಿದ್ದನ್ನೇ ಕೇಳಿದೆ. "ಕಾರಿಗೆ ಏನು ಹಾಕಿಸಿದೀಯಾ?"

ಅವಳು ಕೋಟು ತೆಗೆದು, ಮಡಿಸಿ, ಮೊಣಕಾಲಿನ ಮೇಲಿಟ್ಟುಕೊಂಡು ನನ್ನೆದುರು ಕೂತಳು. "ಒಂದು ಚಿಕ್ಕ ಪೆಟ್ಟಿಗೆ. ನಿಂತಿರುವಾಗ, ಇಲ್ಲಾ ಮೆಲ್ಲಗೆ ಹೋಗ್ತಿರುವಾಗ ಯಾರಾದ್ರೂ ಜೋರಾಗಿ ತುಳಿದ್ರೆ ಕಾರು ಹಾರಲ್ಲ. ಹಾಕಿಸಿದ್ದು ನಾನೇ. ನಿಮಗೆ ಹೇಳ್ಬೇಡಿ ಅಂತ ಒಗುರಿ-ಸಾನ್‌ಗೆ ಹೇಳಿದ್ದೂ ನಾನೇ. ಪಾಪ, ಅವರನ್ನ ಬೈಬೇಡಿ."

"ನನ್ನ ಕಾರಿಗೆ ನನಗೇ ಗೊತ್ತಿಲ್ದಂಗೆ!"

"ಕೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅಂತಾನೇ ಅಂತಿದ್ದೆ. ನಾನು ಬ್ರೇಕೇ..."

"ಗೊತ್ತು ರೀ, ಎಷ್ಟು ಸಲ ಹೇಳ್ತೀರಾ." ಅವಳ ದನಿ ಎಂದೂ ಏರುವುದಿಲ್ಲ, ಇವತ್ತು ಏರಿತು. "ಆ ಹುಡುಗಿ ಹೆಸರು ಗೊತ್ತಾ ನಿಮಗೆ? ಮನಾಕಾ. ಕಾಲೇಜಿಗೆ ಹೋಗ್ತಾ ಕೆಲಸ ಮಾಡ್ತಾಳೆ. ಈಗ ಗಾಜಿಗೆ ಬೆನ್ನು ಹಾಕಿ ನಿಲ್ಲೋಕೆ ಆಗಲ್ವಂತೆ. ಹೊರಗೆ ಕಾರು ಬಂದಾಗೆಲ್ಲ ಕೆಲಸ ಬಿಟ್ಟು ತಿರುಗಿ ನೋಡ್ತಾಳೆ. ನಾನು ಪ್ರತಿ ವಾರ ಹೋಗಿ ತಲೆ ಬಗ್ಗಿಸಿ ಬರ್ತೀನಿ. 'ಪರ್ವಾಗಿಲ್ಲ' ಅಂತಾಳೆ. ಅದು ಪರ್ವಾಗಿಲ್ಲ ಅನ್ನೋರ ಮುಖ ಅಲ್ಲ."

ಮೋಸ ಮಾಡಿದ್ದು ಇವಳು. ಒಪ್ಪಿಕೊಂಡದ್ದೂ ಆಯಿತು. ಆದರೂ ತಪ್ಪಿತಸ್ಥನಂತೆ ಎದ್ದು ಹೋದದ್ದು ನಾನು. ಇದು ಹೇಗೆ?

ಆ ಹುಡುಗಿಗೆ ಗಾಯವಾಗಿಲ್ಲ ಎಂದು ಪೊಲೀಸರೇ ಹೇಳಿದ್ದಾರೆ. ಅವಳ ಹೆಸರು ನನಗೆ ತಿಳಿಯಬೇಕಾಗಿರಲಿಲ್ಲ.

ಏಪ್ರಿಲ್ ೮

ಒಗುರಿಯ ಹತ್ತಿರ ಹೋಗಿ ಪೆಟ್ಟಿಗೆ ತೆಗೆಸಿದೆ. "ದಯವಿಟ್ಟು ಇನ್ನೊಂದ್ಸಲ ಯೋಚನೆ ಮಾಡಿ" ಎಂದು ಮೂರು ಬಾರಿ ಬಗ್ಗಿದ. ಕಾರಿನಲ್ಲಿ ದೋಷವಿಲ್ಲದಿದ್ದರೆ ಇಷ್ಟು ಹೆದರುವುದೇಕೆ?

ಏಪ್ರಿಲ್ ೧೩, ಭಾನುವಾರ

ಬರೆಯುವುದು ಕಷ್ಟವಾಗುತ್ತಿದೆ. ಆದರೂ ನಡೆದಂತೆಯೇ ಬರೆಯುತ್ತೇನೆ.

ಬೆಳಿಗ್ಗೆ ಮತ್ತೆ ಅದೇ ಬಯಲು. ಪೆಟ್ಟಿಗೆಯಿಲ್ಲದ ಕಾರು ಹೇಗೆ ಓಡುತ್ತದೆಂದು ಅಳೆದು, ಆಮೇಲೆ ಅದು ಬ್ರೇಕಿಗೆ ಎಲ್ಲಿ ತಪ್ಪುತ್ತದೆಂದು ಹಿಡಿಯುವುದು ನನ್ನ ಲೆಕ್ಕಾಚಾರ.

ಮೊದಲ ಓಟ. ದೇವರೇ! ಒತ್ತಿದ್ದೇ ತಡ, ನೆಲವನ್ನು ಯಾರೋ ಹಿಂದಕ್ಕೆ ಎಳೆದಂತಾಯಿತು. ಸದ್ದೇ ಇಲ್ಲದ ಮೊದಲ ತಳ್ಳು, ಅದರ ಬೆನ್ನಿಗೇ ಎಂಜಿನ್ ಗುಟುರು ಹಾಕಿ ಬಂದು ಸೇರಿಕೊಳ್ಳುವುದು, ಕೆನ್ನೆ ಹಿಂದಕ್ಕೆ ಸರಿಯುವುದು. ಕುವಬಾರಾ ದೂರದಿಂದಲೇ ಗಡಿಯಾರ ಎತ್ತಿ ಹಿಡಿದು ಕುಣಿದ. ಮತ್ತೆ ನಾಲ್ಕರೊಳಗೆ. ಇನ್ನೆರಡು ಬಾರಿ ಓಡಿಸಿದೆ. ನಿಲ್ಲಿಸುವಾಗಲೆಲ್ಲ ಬ್ರೇಕ್ ಸರಿಯಾಗಿಯೇ ಹಿಡಿಯಿತು. ನಿಜ ಹೇಳಬೇಕೆಂದರೆ ಆಗ ದೋಷ ಹುಡುಕುವುದೇ ಮರೆತುಹೋಗಿತ್ತು.

ಮೂರನೆಯ ಓಟ ಮುಗಿಸಿ, ಕಾಲು ಎತ್ತಿ, ನಿಧಾನವಾಗಿ ಕುವಬಾರಾನ ಕಡೆ ಬಂದೆ. ಅವನು ಗಡಿಯಾರ ತೋರಿಸಲು ದಾರಿಗೇ ಇಳಿದು ಬರುತ್ತಿದ್ದ. ಅವನ ಹತ್ತಿರ ನಿಲ್ಲಲು ಬ್ರೇಕ್ ಒತ್ತಿದೆ.

ಕಾರು ನೆಗೆಯಿತು.

ಅವನ ಮುಖ ಕಂಡಿತು. ಆಮೇಲೆ ಮುಖ ಇರಲಿಲ್ಲ. ಸ್ಟಿಯರಿಂಗ್ ತಿರುಗಿಸಿದೆನೆಂದು ತೋರುತ್ತದೆ. ಬೇಲಿಯ ಗಿಡಗಳೊಳಗೆ ನುಗ್ಗಿ, ಹಳೆಯ ಸಿಗ್ನಲ್ ಕಂಬಕ್ಕೆ ಒರಗಿ ನಿಂತೆ. ಎಂಜಿನ್ ಒಂದೇ ಸಮನೆ ಅರಚುತ್ತಿತ್ತು, ಚಕ್ರಗಳು ಮಣ್ಣು ತೂರುತ್ತಿದ್ದವು. ಕುವಬಾರಾ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು ಕಿಟಕಿಯ ಹತ್ತಿರ ಓಡಿ ಬಂದ.

"ಕಾಲು ತೆಗಿ!"

"ತೆಗೆದಿದೀನಿ!"

"ತೊಕು, ಕಾಲು ತೆಗಿಯೋ!"

"ತೆಗೆದಿದೀನಿ ಅಂತಿದೀನಲ್ಲ! ಇದೇ ಕಣೋ, ನೋಡು, ತಾನೇ ಓಡ್ತಿದೆ, ನೀನೇ ನೋಡು!"

"ನೀನು ನೋಡು. ಕೆಳಗೆ ನೋಡೋ."

ನೋಡಿದೆ. ನನ್ನ ಬಲಗಾಲು ಆಕ್ಸಿಲರೇಟರ್ ಮೇಲಿತ್ತು. ತಳದವರೆಗೆ ಒತ್ತಿತ್ತು. ನಾನು ನೋಡುತ್ತಿದ್ದೆ, ಅದು ಒತ್ತುತ್ತಲೇ ಇತ್ತು. ಎರಡೂ ಕೈಯಿಂದ ಮಂಡಿ ಹಿಡಿದು ಎತ್ತಿದೆ. ಆಗ ಕಾರು ಸುಮ್ಮನಾಯಿತು.

ಕುವಬಾರಾನ ಮಣಿಕಟ್ಟು ಮುರಿದಿದೆ. ಪಕ್ಕಕ್ಕೆ ಹಾರಿ ಬಿದ್ದದ್ದರಿಂದ ಅಷ್ಟರಲ್ಲೇ ಉಳಿದ. ಆಂಬುಲೆನ್ಸ್ ಬರುವವರೆಗೆ ಇಬ್ಬರೂ ಹುಲ್ಲಿನ ಮೇಲೆ ಕೂತಿದ್ದೆವು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೧೪, ಸೋಮವಾರ

ಕುವಬಾರಾ ಇದ್ದ ಆಸ್ಪತ್ರೆಯಲ್ಲೇ ಫುಮಿಯೆ ನನ್ನನ್ನೂ ಡಾಕ್ಟರ ಮುಂದೆ ಕೂರಿಸಿದಳು. ಸಣ್ಣ ದನಿಯ ಹೆಂಗಸು. ನನ್ನ ಕಾಲ್ಚೀಲ ತೆಗೆಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು.

"ಈಗ ಯಾವ ಬೆರಳು ಮುಟ್ತಿದೀನಿ, ಹೇಳಿ."

"ಮೊದಲು ಮುಟ್ಟಿ, ಆಮೇಲೆ ಕೇಳಿ."

"ನರುಸೆ-ಸಾನ್, ಆಗಲೇ ಐದೂ ಬೆರಳು ಮುಟ್ಟಿಯಾಯ್ತು."

ಕಣ್ಣು ತೆರೆದೆ. ಅವರ ಕೈಯಲ್ಲಿ ಸೂಜಿಯಂಥದ್ದೊಂದು ಇತ್ತು. ಬೆರಳ ತುದಿಯಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದವು. ಇದರಲ್ಲೂ ಏನೋ ಕೈಚಳಕ ಇರಬಹುದೆಂದು, "ಇನ್ನೊಂದ್ಸಲ ಮಾಡಿ, ಈ ಸಲ ನಾನು ನೋಡ್ತೀನಿ" ಎಂದೆ. ಮಾಡಿದರು. ಸೂಜಿ ಚರ್ಮಕ್ಕೆ ತಾಗುವುದು ಕಾಣಿಸಿತು. ಕಂಡದ್ದು ಕಾಲಿಗೆ ಗೊತ್ತಾಗಲಿಲ್ಲ.

ಸಕ್ಕರೆ ಕಾಯಿಲೆಯಂತೆ. ಬಹಳ ದಿನದಿಂದ ಇದ್ದಿರಬೇಕಂತೆ. ನರಗಳು ಮೆಲ್ಲಮೆಲ್ಲಗೆ ಸಾಯುತ್ತವಂತೆ, ನೋವಿಲ್ಲದೆ, ಹೇಳದೆ. ಚಪ್ಪಲಿ ಜಾರುವುದು, ಬಿಸಿ ತಿಳಿಯದಿರುವುದು, ಎಲ್ಲವನ್ನೂ ಫುಮಿಯೆಯೇ ಹೇಳಿದಳು. ಅವಳಿಗೆ ಇಷ್ಟೆಲ್ಲ ನೆನಪಿರುವುದು ನನಗೆ ಗೊತ್ತಿರಲಿಲ್ಲ.

ಬೇರೆ ಊರಿನ ಡಾಕ್ಟರಿಗೂ ಒಮ್ಮೆ ತೋರಿಸಬೇಕು. ಇವರು ಬಹಳ ಚಿಕ್ಕ ವಯಸ್ಸಿನವರು.

ಏಪ್ರಿಲ್ ೧೭

ಕಾಲನ್ನೇ ನೋಡುತ್ತಾ ಕೂತಿದ್ದೆ. ಬೆರಳು ಆಡಿಸಿದರೆ ಆಡುತ್ತವೆ. ಹೇಳಿದ ಮಾತು ಕೇಳುವ ಕೆಲಸದಾಳು, ತಾನು ಎಲ್ಲಿದ್ದೇನೆಂದು ಮಾತ್ರ ಹೇಳುವುದಿಲ್ಲ.

ಏಪ್ರಿಲ್ ೨೫

ಎರಡನೆಯ ಡಾಕ್ಟರೂ ಅದನ್ನೇ ಹೇಳಿದರು. ಇವರಿಗೆ ವಯಸ್ಸೂ ಆಗಿದೆ. ಹೂರಣದ ಬನ್ ಬಂದ್.

ಮೇ ೧, ಗುರುವಾರ

ಫುಮಿಯೆ ಕೋಟು ಹಾಕಿಕೊಳ್ಳುತ್ತಿದ್ದಳು. ನಾನೂ ಷೂ ಹಾಕಿಕೊಂಡೆ. ಅವಳು ಬಗ್ಗಿ, ನನ್ನ ಬಲಗಾಲಿನ ಲೇಸನ್ನು ಇನ್ನೊಮ್ಮೆ ಬಿಗಿ ಮಾಡಿದಳು.

ರೈಲ್ವೆ ಗೇಟಿನವರೆಗೆ ನಡೆದೇ ಹೋದೆವು. ಹೊಸ ಗಾಜು ಹಾಕಿದ್ದಾರೆ. ಕಾರು ನಿಲ್ಲುವ ಜಾಗಕ್ಕೂ ಗಾಜಿಗೂ ನಡುವೆ ಕಬ್ಬಿಣದ ಕಂಬಗಳನ್ನು ನೆಟ್ಟಿದ್ದಾರೆ. ಯಾರಿಗಾಗಿ ನೆಟ್ಟಿದ್ದೆಂದು ಕೇಳುವ ಅಗತ್ಯವಿರಲಿಲ್ಲ.

ಕೌಂಟರಿನಲ್ಲಿ ಅವಳೇ ಇದ್ದಳು. ಕೂದಲನ್ನು ಎತ್ತಿ ಕಟ್ಟಿದ್ದಾಳೆ, ಕಪ್ಪು ಚೌಕಟ್ಟಿನ ಕನ್ನಡಕ. ಫುಮಿಯೆಯನ್ನು ಕಂಡು ನಕ್ಕಳು, ಅವಳ ಹಿಂದೆ ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಒಂದೇ ಹೆಜ್ಜೆ, ಆದರೆ ಸರಿದಳು. ಆ ಪೊಲೀಸಿನವನೂ ಕಂಪ್ಯೂಟರೂ ಸೇರಿ ಹೇಳಲಾಗದ್ದನ್ನು ಆ ಹೆಜ್ಜೆ ಹೇಳಿತು.

ಬಗ್ಗಿದೆ. "ಬ್ರೇಕ್ ಒತ್ತಿದೀನಿ ಅಂತ ಅಂದ್ಕೊಂಡಿದ್ದೆ" ಎಂದೆ.

ಅವಳು ಗಾಜಿನಾಚೆ ನೋಡಿದಳು. "ಇವತ್ತು ಕಾರಲ್ಲಿ ಬಂದ್ರಾ?"

"ಇಲ್ಲ. ನಡ್ಕೊಂಡು."

"ಇನ್ನೂ ಓಡಿಸ್ತೀರಾ?"

ಹಿಂದೆ ಯಾರೋ ಗಿರಾಕಿ ಕಾಯುತ್ತಿದ್ದರು. ಅಷ್ಟರಲ್ಲಿ ಹೊರಗೆ ಒಂದು ಕಾರು ಕಂಬಗಳ ಕಡೆಗೆ ತಿರುಗಿತು. ಮನಾಕಾ ತಟ್ಟನೆ ತಿರುಗಿ ನೋಡಿದಳು. ನಾನೂ ತಿರುಗಿ ನೋಡಿದೆ. ಅದು ನಿಲ್ಲುವವರೆಗೆ ಇಬ್ಬರೂ ಅದರ ಮೇಲಿನ ಕಣ್ಣು ತೆಗೆಯಲಿಲ್ಲ.

"ಇಲ್ಲಮ್ಮ, ಓಡಿಸಲ್ಲ" ಎಂದೆ.

ಮೇ ೧೨, ಸೋಮವಾರ

ಲೈಸೆನ್ಸ್ ವಾಪಸು ಕೊಟ್ಟು ಬಂದೆ. ಕೌಂಟರಿನವರು ಕಾರಣ ಕೇಳಿದರೆ, ಆ ಕಾರಿನ ಮೇಲೆ ನಂಬಿಕೆಯಿಲ್ಲ ಎನ್ನೋಣವೆಂದಿದ್ದೆ. ಕೇಳಲೇ ಇಲ್ಲ. "ಬಹಳ ವರ್ಷ ಜೋಪಾನವಾಗಿ ಓಡಿಸಿದ್ರಿ" ಎಂದು ಬಗ್ಗಿದರು. ಬದಲಿಗೆ ಒಂದು ಕಾರ್ಡ್ ಕೊಟ್ಟರು, ಅದನ್ನು ತೋರಿಸಿದರೆ ಬಸ್ಸಿನಲ್ಲಿ ರಿಯಾಯಿತಿ. ಬಸ್ ಓಡಿಸುವವರ ಕಾಲನ್ನು ಯಾರು ನೋಡಿದ್ದಾರೆ?

ಕಾರು ಮಾರಿಬಿಡೋಣ ಎಂದೆ. ಫುಮಿಯೆ ಚಹಾ ಬಗ್ಗಿಸುತ್ತಾ, "ಯಾಕೆ? ನನ್ನ ಹತ್ರಾನೂ ಲೈಸೆನ್ಸ್ ಇದೆ" ಎಂದಳು. ಇದೆ, ನಿಜ. ಚಿಗುಸಾ ಹುಟ್ಟಿದ ಮೇಲೆ ಅದು ಡ್ರಾಯರಿನಿಂದ ಹೊರಗೆ ಬಂದದ್ದು ನಾನು ನೋಡಿಲ್ಲ.

ಪೆಟ್ಟಿಗೆಯನ್ನು ಮತ್ತೆ ಹಾಕಿಸಿದ್ದಾಳೆ. ಈ ಬಾರಿ ನನಗೆ ಹೇಳಿಯೇ ಹಾಕಿಸಿದಳು.

ಮೇ ೨೦

ಹೊಲದ ದಾರಿಯಲ್ಲಿ ಅಭ್ಯಾಸ. ಬಸವನಹುಳು ನಮ್ಮನ್ನು ದಾಟಿ ಹೋಗುತ್ತಿತ್ತು. "ಇನ್ನೂ ಸ್ವಲ್ಪ ಒತ್ತು" ಎಂದರೆ, "ನೀವು ಒತ್ತಿದ್ದು ಸಾಕು" ಎನ್ನುತ್ತಾಳೆ. ಹಿಮ್ಮುಖವಾಗಿ ತರುವುದು ಇನ್ನೂ ಬಂದಿಲ್ಲ. ನಾಳೆ ಕಂಬ ನೆಟ್ಟು ಹೇಳಿಕೊಡುತ್ತೇನೆ.

ಜೂನ್ ೮, ಭಾನುವಾರ

ಕುವಬಾರಾನ ಕೈಗೆ ಹಾಕಿದ್ದ ಕಟ್ಟು ಬಿಚ್ಚಿದ್ದಾರೆ. ಊಟಕ್ಕೆ ಬನ್ನಿ, ಈಲ್ ಮೀನು ಸುಡುತ್ತೇನೆ ಎಂದು ಕರೆದಿದ್ದ. ಸರೋವರ ಸುತ್ತಿ ಒಳದಾರಿಯಲ್ಲಿ ಹೋಗೋಣ ಎಂದೆ. ಫುಮಿಯೆ ಒಪ್ಪಲಿಲ್ಲ. "ಯಾವತ್ತಿದ್ರೂ ಹೆದ್ದಾರಿ ಕಲೀಲೇಬೇಕಲ್ಲ" ಎಂದಳು.

ಹೆದ್ದಾರಿಗೆ ಸೇರುವ ದಾರಿ ಏರಿ, ತಿರುಗಿ, ಮುಖ್ಯ ದಾರಿಯ ಪಕ್ಕಕ್ಕೆ ಬರುತ್ತದೆ. ಅಲ್ಲಿ ವೇಗ ಹಿಡಿದು ಸಾಲಿನೊಳಗೆ ನುಸುಳಬೇಕು. ಅವಳ ವೇಗ ಏರುತ್ತಲೇ ಇಲ್ಲ. ಬಲಗಡೆ ಲಾರಿಗಳ ಸಾಲು. ಒಂದು ದೊಡ್ಡ ಲಾರಿ ನಮ್ಮ ಸಮಕ್ಕೆ ಬರುತ್ತಿತ್ತು. ಸೇರುವ ದಾರಿ ಮುಂದೆ ಸಣ್ಣದಾಗುತ್ತಾ ಬಂತು.

"ರೀ, ಎಲ್ಲಿ ನುಗ್ಗಲಿ? ಜಾಗಾನೇ ಇಲ್ಲ. ನಿಲ್ಲಿಸ್ಲಾ?"

"ನಿಲ್ಲಿಸ್ಬೇಡ. ಲಾರಿ ಮುಂದೆ ಜಾಗ ಇದೆ. ಒತ್ತು."

"ಆಗಲ್ಲ."

"ಆಗುತ್ತೆ. ಈ ಕಾರಿಗೆ ಆಗುತ್ತೆ. ಓಡುವಾಗ ಪೆಟ್ಟಿಗೆ ಅಡ್ಡ ಬರಲ್ಲ. ಫುಮಿಯೆ, ಒತ್ತು!"

ಒತ್ತಿದಳು. ಸದ್ದಿಲ್ಲದ ಆ ಮೊದಲ ತಳ್ಳು ಬಂತು, ಅದರ ಹಿಂದೆಯೇ ಎಂಜಿನ್. ಇಬ್ಬರ ಬೆನ್ನೂ ಒಟ್ಟಿಗೇ ಸೀಟಿಗೆ ಅಂಟಿತು. ಲಾರಿ ಕನ್ನಡಿಯಲ್ಲಿ ಹಿಂದೆ ಹಿಂದೆ ಹೋಯಿತು. ಸಾಲಿನೊಳಗೆ ಹೂವಿನ ಎಸಳು ನೀರಿಗೆ ಇಳಿದಂತೆ ಸೇರಿಕೊಂಡೆವು. ಅವಳು ಕಾಲು ಎತ್ತಿದಳು, ಕಾರೂ ತಗ್ಗಿತು. ಅವಳು ಎಷ್ಟು ಕೇಳಿದಳೋ ಅಷ್ಟನ್ನೇ ಕೊಟ್ಟಿತು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳ್ಳೆಯ ಕಾರು.

ಫುಮಿಯೆ ಅಳುತ್ತಿದ್ದಾಳೇನೋ ಎಂದು ತಿರುಗಿ ನೋಡಿದೆ. ಬಾಯಿ ಅಗಲಿಸಿ ನಗುತ್ತಿದ್ದಳು. ಕೊರಳ ನರ ಉಬ್ಬಿತ್ತು, ಎರಡೂ ಕೈ ಸ್ಟಿಯರಿಂಗನ್ನು ಕಚ್ಚಿ ಹಿಡಿದಿದ್ದವು.

"ಇದಕ್ಕೇನಾ ನೀವು ಇದನ್ನ ತಂದಿದ್ದು?"

"ಹೂಂ."

"ಒಂದು ದಿನಾನಾದ್ರೂ ಹೇಳ್ಬಾರ್ದಿತ್ತಾ, ಹಿಂಗಿರುತ್ತೆ ಅಂತ?"

"ಹೇಳಿದ್ರೆ ನಂಬ್ತಿದ್ಯಾ?"

ಮಿಕ್ಕಬಿಯ ತಿರುವು ಬಂತು. ಹೆದ್ದಾರಿಯಿಂದ ಇಳಿದೆವು. ಕುವಬಾರಾನ ತೋಟಕ್ಕೆ ಎಡಕ್ಕೆ ಹೋಗಬೇಕು. ಕೆಂಪು ಸಿಗ್ನಲ್ಲಿನಲ್ಲಿ ನಿಂತಾಗ ಅವಳು ನನ್ನ ಕಡೆ ನೋಡದೆ, ಮುಂದಕ್ಕೇ ನೋಡುತ್ತಾ ಕೇಳಿದಳು.

"ಈಲ್ ಮೀನು ಆರಿಹೋಗುತ್ತಾ?"

"ಕುವಬಾರಾ ಯಾವತ್ತೂ ಹೊತ್ತಿಗೆ ಸರಿಯಾಗಿ ಬೇಯ್ಸಿದೋನಲ್ಲ."

ಹಸಿರು ಬಂತು. ಫುಮಿಯೆ ಬಲಕ್ಕೆ ತಿರುಗಿಸಿ, ಮತ್ತೆ ಹೆದ್ದಾರಿಗೆ ಸೇರುವ ದಾರಿ ಹತ್ತಿದಳು.